ಹಸಿರು ವಜ್ರ: ಬಣ್ಣ ಕೊಟ್ಟವರು ಯಾರು?

ಹಾಸನದ ಆಭರಣದಂಗಡಿಯಲ್ಲಿ ವಜ್ರ ನೋಡಲು ಪೆನ್ನಿನಂಥ ಉಪಕರಣವೊಂದನ್ನು ಬಳಸುತ್ತಾರೆ. ತುದಿಯನ್ನು ಹರಳಿಗೆ ತಾಗಿಸಿದರೆ ದೀಪ ಹತ್ತಿ 'ಕೀ' ಎನ್ನುತ್ತದೆ. ಅದು ಅಳೆಯುವುದು ಹರಳಿನಲ್ಲಿ ಶಾಖ ಎಷ್ಟು ಬೇಗ ಹರಿಯುತ್ತದೆ ಎಂಬುದನ್ನಷ್ಟೇ. ಆ ಸದ್ದು ಕೇಳಿದ ಕೂಡಲೇ ಹಸಿರು ವಜ್ರದ ಬಣ್ಣವೂ ಅಸಲಿ ಎಂದು ತಲೆಯಾಡಿಸುವವರನ್ನು ಕಂಡರೆ ನನಗೆ ತಾಳ್ಮೆ ತಪ್ಪುತ್ತದೆ. ಬುಧನಿಗೆ ಪಚ್ಚೆಯ ಬದಲು ಇದನ್ನೇ ಧರಿಸಿ ಎನ್ನುವವರ ಮಾತು ಬೇಡವೇ ಬೇಡ.

ಪಚ್ಚೆಯ ಹಸಿರು ಕ್ರೋಮಿಯಂ ಅಥವಾ ವನಾಡಿಯಂನದು. ಹಸಿರು ವಜ್ರದಲ್ಲಿ ಸಾಮಾನ್ಯವಾಗಿ ಹೊಸದಾಗಿ ಸೇರಿದ್ದೇನೂ ಇಲ್ಲ, ಕಳೆದುಕೊಂಡದ್ದಿದೆ. ವಿಕಿರಣ ಬಡಿದು ಇಂಗಾಲದ ಪರಮಾಣು ಜಾಗ ಬಿಟ್ಟರೆ ಅಲ್ಲಿ ಖಾಲಿ ಸ್ಥಾನ ಉಳಿಯುತ್ತದೆ. ಅಂಥ ಸ್ಥಾನಗಳು ಕೆಂಪು ಬೆಳಕನ್ನು ಹೀರುತ್ತವೆ. ನೆಲದೊಳಗೆ ಯುರೇನಿಯಂ ಖನಿಜದ ಪಕ್ಕ ಯುಗಗಟ್ಟಲೆ ಕುಳಿತ ವಜ್ರಕ್ಕೂ ಬಣ್ಣ ಬರಲೆಂದು ಮನುಷ್ಯರು ಎಲೆಕ್ಟ್ರಾನ್ ಯಂತ್ರದೊಳಗೆ ಹಾಯಿಸಿದ ವಜ್ರಕ್ಕೂ ಆಗುವ ಗಾಯ ಒಂದೇ. ದ್ರವ ನೈಟ್ರೋಜನ್‌ನಿಂದ ತಣಿಸಿ ರೋಹಿತ (ಯಾವ ಬಣ್ಣದ ಬೆಳಕು ಎಷ್ಟು ಹೀರಿಹೋಗಿದೆ ಎಂದು ತೋರಿಸುವ ನಕ್ಷೆ) ತೆಗೆದರೆ ಆ ಖಾಲಿ ಸ್ಥಾನಗಳ ಗುರುತಾದ 741 ನ್ಯಾನೋಮೀಟರಿನ ಗೆರೆ ಎರಡರಲ್ಲೂ ಕಾಣುತ್ತದೆ. ಪರೀಕ್ಷಕರ ತಲೆನೋವು ಇಲ್ಲಿಂದಲೇ ಶುರು.

ಹಾಗಾಗಿ ಅವರು ಬಣ್ಣ ಎಲ್ಲಿ, ಎಷ್ಟು ಆಳಕ್ಕೆ ಕೂತಿದೆ ಎಂದು ಹುಡುಕುತ್ತಾರೆ. ಖನಿಜಗಳಿಂದ ಹೊರಡುವ ಆಲ್ಫಾ ಕಣಗಳು ವಜ್ರದೊಳಗೆ ಮಿಲಿಮೀಟರಿನ ನೂರನೇ ಕೆಲವು ಭಾಗಗಳಷ್ಟು ಮಾತ್ರ ಇಳಿಯುತ್ತವೆ. ಚಿಕ್ಕಮಗಳೂರಿನವರಿಗೆ ಇದನ್ನು ವಿವರಿಸುವುದು ಸುಲಭ: ಜೋರು ಉರಿಯಲ್ಲಿ ಅವಸರದಿಂದ ಹುರಿದ ಕಾಫಿ ಬೀಜ ಹೊರಗೆ ಕಪ್ಪಾಗಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಕಚ್ಚಾ ವಜ್ರದ ಮೇಲೆ ಇಂಥ ಹಸಿರು ಕಲೆಗಳಿರುತ್ತವೆ. ಭೂಮಿಯಲ್ಲಿ ಮುಂದೆ ಸುಮಾರು 600 ಡಿಗ್ರಿ ಕಾವು ತಾಗಿದ್ದರೆ ಅವು ಕಂದು ಬಣ್ಣಕ್ಕೆ ತಿರುಗಿರುತ್ತವೆ. ಸಾಣೆ ಹಿಡಿದರೆ ಕಲೆಯೂ ಹೋಗುತ್ತದೆ, ಸಾಕ್ಷಿಯೂ ಹೋಗುತ್ತದೆ. ಅದಕ್ಕೇ ಜಾಣ ಕುಶಲಕರ್ಮಿ ಹರಳಿನ ನಡುಅಂಚಿನಲ್ಲಿ ಹಳೆಯ ಮೈಯ ಚೂರೊಂದನ್ನು ಮುಟ್ಟದೆ ಬಿಡುತ್ತಾನೆ. ಇಡೀ ಹರಳಿಗೆ ಹಸಿರು ತುಂಬುವುದು ಹೆಚ್ಚು ಆಳಕ್ಕಿಳಿಯುವ ಬೀಟಾ, ಗಾಮಾ ವಿಕಿರಣ. ಇನ್ನು ಕಣಗಳಿಗೆ ವೇಗ ಕೊಟ್ಟು ಬಡಿಸುವ ಸೈಕ್ಲೋಟ್ರಾನ್ ಯಂತ್ರಕ್ಕೆ ಒಡ್ಡಿದ ಹಳೆಯ ಕೆಲವು ವಜ್ರಗಳು ತಾವಾಗಿಯೇ ಸಿಕ್ಕಿಬೀಳುತ್ತವೆ: ಮೇಲಿನಿಂದ ನೋಡಿದರೆ ತಳದ ಮೊನೆಯ ಸುತ್ತ ಕೊಡೆಯಾಕಾರದ ಬಣ್ಣ.

ಈ ಕಸುಬು ಹೊಸದಲ್ಲ. ಬ್ರಿಟಿಷ್ ವಿಜ್ಞಾನಿ ವಿಲಿಯಂ ಕ್ರೂಕ್ಸ್ 1904ರಲ್ಲೇ ವಜ್ರಗಳನ್ನು ರೇಡಿಯಂ ಲವಣದಲ್ಲಿಟ್ಟು ಹಸಿರಾಗಿಸಿದ್ದರು. ಅಂಥ ಹರಳುಗಳಲ್ಲಿ ವಿಕಿರಣಶೀಲತೆ ಉಳಿದುಬಿಡುವುದರಿಂದ ವಿಕಿರಣ ಪತ್ತೆಹಚ್ಚುವ ಗೈಗರ್ ಕೌಂಟರೇ ಚಾಡಿ ಹೇಳುತ್ತದೆ. ಜರ್ಮನಿಯ ಡ್ರೆಸ್ಡನ್ನಿನ 41 ಕ್ಯಾರೆಟ್ಟಿನ ಹಸಿರು ವಜ್ರಕ್ಕೆ ಮಾತ್ರ ಈ ಅನುಮಾನ ತಟ್ಟದು. ಅದು 18ನೇ ಶತಮಾನದಲ್ಲೇ ಸ್ಯಾಕ್ಸನಿಯ ದೊರೆಗಳ ಕೈಯಲ್ಲಿತ್ತು. ವಿಕಿರಣಶೀಲತೆ ಪತ್ತೆಯಾದದ್ದು 1896ರಲ್ಲಿ. ಹಾಗಾಗಿ ಅದರ ರೋಹಿತ ತಜ್ಞರಿಗೆ ನಂಬಿಕೆಯ ಅಳತೆಗೋಲು.

ಉಳಿದ ಹಸಿರು ವಜ್ರಗಳಿಗೆ ಅಂಥ ಜಾತಕವಿಲ್ಲ. ದೊಡ್ಡ ಪ್ರಯೋಗಾಲಯಗಳೂ ಎಷ್ಟೋ ಸಲ 'ಬಣ್ಣದ ಮೂಲ ನಿರ್ಧರಿಸಲಾಗಿಲ್ಲ' ಎಂದು ಬರೆದು ಕಳಿಸುತ್ತವೆ. ಕೊಳ್ಳುವವರು ಪ್ರಮಾಣಪತ್ರದಲ್ಲಿ ಮೊದಲು ಓದಬೇಕಾದದ್ದು ಆ ಸಾಲನ್ನೇ. ಉಂಗುರ ದುರಸ್ತಿಗೆ ಕೊಡುವಾಗ ಹರಳನ್ನು ಬಿಚ್ಚಿಸಿಕೊಳ್ಳಿ. ಅಕ್ಕಸಾಲಿಯ ಉರಿ ತಾಗಿದರೆ ಖಾಲಿ ಸ್ಥಾನಗಳು ಕದಲಿ ಹಸಿರು ಕೆಡಬಹುದು.