ಪಾರ್ಕಿನಲ್ಲಿ ಸಿಗರೇಟು: ‘ಬಯಲು ಜಾಗ’ ಎಂಬ ವಾದ ಬಂದದ್ದೆಲ್ಲಿಂದ?

ಹಾಸನದ ಮಹಾರಾಜ ಪಾರ್ಕಿನಲ್ಲೋ ಚಿಕ್ಕಮಗಳೂರಿನ ರತ್ನಗಿರಿ ಬೋರೆಯಲ್ಲೋ ಸಿಗರೇಟು ಹಚ್ಚಿದವರು ‘ಇದು ಬಯಲು ಜಾಗ ತಾನೆ?’ ಎಂದು ಕೇಳಿದರೆ ಅದನ್ನು ಬರೀ ಮೊಂಡುತನ ಎನ್ನಲಾಗದು. ಆ ಮಾತಿಗೆ ಕಾನೂನಿನಲ್ಲೇ ಬೇರು ಇದೆ.

ಧೂಮಪಾನ ನಿಷೇಧ ಶುರುವಾದದ್ದು ಸೂರಿನಡಿಯಲ್ಲಿ. ಆಗಿನ ಮೈಸೂರು ರಾಜ್ಯ 1963ರಲ್ಲೇ ಚಿತ್ರಮಂದಿರ, ಸಭಾಂಗಣಗಳಲ್ಲಿ ಸೇದುವುದನ್ನು ತಡೆಯುವ ಕಾಯ್ದೆ ತಂದಿತ್ತು. 2001ರ ನವೆಂಬರ್ 2ರಂದು ಕಾಂಗ್ರೆಸ್ ಮುಖಂಡ ಮುರಳಿ ದೇವೊರಾ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆಸ್ಪತ್ರೆ, ಶಾಲೆ–ಕಾಲೇಜು, ಗ್ರಂಥಾಲಯ, ನ್ಯಾಯಾಲಯ, ಕಚೇರಿ, ಬಸ್ಸು–ರೈಲುಗಳನ್ನು ಹೆಸರಿಸಿ ಅಲ್ಲಿ ಸೇದುವುದನ್ನು ನಿಷೇಧಿಸಿತು. ಪಾರ್ಕಿನ ಹೆಸರು ಬರಲಿಲ್ಲ. 2003ರ ಕೇಂದ್ರ ತಂಬಾಕು ನಿಯಂತ್ರಣ ಕಾಯ್ದೆ, ಅಂದರೆ ಕೋಟ್ಪಾ, ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಸಾರ್ವಜನಿಕ ಸ್ಥಳದ ವ್ಯಾಖ್ಯಾನದಿಂದ ಬಯಲು ಜಾಗವನ್ನು ಹೊರಗಿಟ್ಟಿತು.

2008ರ ಅಕ್ಟೋಬರ್ 2ರಿಂದ ಜಾರಿಯಾದ ನಿಯಮಗಳು ಇದನ್ನು ಬಿಗಿ ಮಾಡಿದವು. ಬಯಲು ರಂಗಮಂದಿರ, ಕ್ರೀಡಾಂಗಣ, ರೈಲು ನಿಲ್ದಾಣ, ಬಸ್ ನಿಲ್ದಾಣ ‘ಮತ್ತು ಅಂಥ ಇತರೆ’ ಜಾಗಗಳನ್ನು ಬಯಲು ಎಂದು ಬಿಟ್ಟುಬಿಡುವಂತಿಲ್ಲ ಎಂದವು. ಜನ ಗುಂಪುಗೂಡುವ ಪಾರ್ಕು ಈ ‘ಇತರೆ’ಯೊಳಗೆ ಸೇರಲೇಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ಆದರೆ ಹೆಸರಿಲ್ಲದ್ದರಿಂದ ವಾದಕ್ಕೆ ಎಡೆ ಉಳಿದಿದೆ. 2025ರ ಜೂನ್ ಕೊನೆಯಲ್ಲಿ ಫ್ರಾನ್ಸ್ ಪಾರ್ಕು, ಕಡಲತೀರ, ಬಸ್ ತಂಗುದಾಣಗಳನ್ನು ನೇರವಾಗಿ ಹೆಸರಿಸಿಯೇ ನಿಷೇಧ ತಂದಿತು.

ಕೋಟ್ಪಾಗೆ ಕರ್ನಾಟಕ ತಂದ ತಿದ್ದುಪಡಿ ಕಾಯ್ದೆ 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆಯಿತು. ದಂಡ 200 ರೂಪಾಯಿಯಿಂದ 1,000ಕ್ಕೆ ಏರಿತು. ಸಾರ್ವಜನಿಕ ಸ್ಥಳದಲ್ಲಿ ತಂಬಾಕು ಜಗಿದು ಉಗುಳುವುದೂ ಅಪರಾಧವಾಯಿತು. ಬಿಡಿ ಸಿಗರೇಟು ಮಾರುವಂತಿಲ್ಲ, 21 ವರ್ಷ ತುಂಬದವರಿಗೆ ತಂಬಾಕು ಕೊಡುವಂತಿಲ್ಲ. ಪಾರ್ಕಿಗೆ ಇದರಲ್ಲಿ ಹೆಚ್ಚು ಉಪಯೋಗವಾಗಬೇಕಾದದ್ದು ಬಿಡಿ ಮಾರಾಟದ ತಡೆ. ಗೇಟಿನೆದುರಿನ ಗೂಡಂಗಡಿಯಲ್ಲಿ ಒಂದೊಂದೇ ಸಿಕ್ಕರೆ ಸೇದುವ ಜಾಗ ಪಾರ್ಕಿನ ಬೆಂಚೇ ಆಗುತ್ತದೆ.

ಬಯಲಲ್ಲಿ ಹೊಗೆ ಬೇಗ ಚದುರುತ್ತದೆ, ನಿಜ. ಆದರೆ ಗಾಳಿಯಾಡದ ಹೊತ್ತಿನಲ್ಲಿ ಒಂದೆರಡು ಅಡಿ ದೂರದಲ್ಲಿ ಕೂತವರು ಒಳ್ಳೇ ಪ್ರಮಾಣದಲ್ಲೇ ಅದನ್ನು ಸೇವಿಸುತ್ತಾರೆ. ಆರೇಳು ಅಡಿ ದಾಟಿದ ಮೇಲಷ್ಟೇ ಪ್ರಮಾಣ ಚೆನ್ನಾಗಿ ಇಳಿಯುತ್ತದೆ. ಒಂದೇ ಬೆಂಚಿನಲ್ಲಿ ಅಷ್ಟು ಅಂತರ ಎಲ್ಲಿ ಬರಬೇಕು? ಇನ್ನು ತುಂಡುಗಳ ಪಾಡು. ಫಿಲ್ಟರ್ ಹತ್ತಿಯಲ್ಲ, ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್. ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ತರಗೆಲೆ ಒಣಗಿ ಬಿದ್ದಿರುವಾಗ ಆರದ ತುಂಡು ಬೆಂಕಿಗೂ ದಾರಿ.

ಜಾರಿ ಸೋಲುವುದು ಬಹುಪಾಲು ‘ಧೂಮಪಾನ ನಿಷೇಧ’ ಫಲಕದಲ್ಲೇ. ನಿಯಮದ ಪ್ರಕಾರ ಅದು ಕನಿಷ್ಠ 60x30 ಸೆಂ.ಮೀ., ಬಿಳಿ ಹಿನ್ನೆಲೆ. ಅದರಲ್ಲಿನ ನಿಷೇಧ ಚಿಹ್ನೆಯ ವೃತ್ತದ ವ್ಯಾಸ ಕನಿಷ್ಠ 15 ಸೆಂ.ಮೀ., ಕೆಂಪು ಅಂಚು 3 ಸೆಂ.ಮೀ. ಅದು ಪ್ರತಿ ಪ್ರವೇಶದ್ವಾರದಲ್ಲೂ ಇರಬೇಕು. ಯಾರಿಗೆ ದೂರು ಕೊಡಬೇಕೋ ಅವರ ಹೆಸರನ್ನೂ ಎದ್ದು ಕಾಣುವಂತೆ ಹಾಕಬೇಕು. ಹೆಸರಿಲ್ಲದ ಫಲಕ ಬರೀ ಬಣ್ಣದ ತಗಡು. ವರ್ಗವಾಗಿ ಹೋದವರ ಹೆಸರಿದ್ದರೂ ಅಷ್ಟೇ. ಬೆಂಚಿನ ಪಕ್ಕ ಬೂದಿ ತಟ್ಟೆ ಇಡುವುದು ಸ್ವಚ್ಛತೆಯ ಕಾಳಜಿಯಂತೆ ಕಂಡರೂ ನಿಯಮಕ್ಕೆ ವಿರುದ್ಧ. ದೂರು ಬಂದೂ ಉಸ್ತುವಾರಿಯವರು ಸುಮ್ಮನಿದ್ದರೆ, ಆದ ಅಪರಾಧಗಳಷ್ಟೇ ದಂಡ ಅವರ ಮೇಲೂ ಬೀಳುತ್ತದೆ.

ದಂಡ ಹಾಕುವ ಅಧಿಕಾರ ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಮತ್ತು ಮೇಲಿನವರಿಗೆ, ಆರೋಗ್ಯ ಇನ್‌ಸ್ಪೆಕ್ಟರ್‌ಗಳಿಗೆ, ಗೆಜೆಟೆಡ್ ಅಧಿಕಾರಿಗಳಿಗೆ ಇದೆ. ದಿನವಿಡೀ ಪಾರ್ಕಿನಲ್ಲೇ ಇರುವ ಮಾಲಿಗೆ, ಕಾವಲುಗಾರನಿಗೆ ಇಲ್ಲ. ಅವರು ತಡೆಯಬಹುದು, ರಸೀದಿ ಹರಿಯಲಾಗದು. ಆದ್ದರಿಂದ ಜನ ಹೆಚ್ಚು ಸೇರುವ ಬೆಳಗ್ಗೆ 6ರಿಂದ 8, ಸಂಜೆ 5ರಿಂದ 7ರ ಹೊತ್ತಿಗೆ ಆರೋಗ್ಯ ಇನ್‌ಸ್ಪೆಕ್ಟರ್ ರಸೀದಿ ಪುಸ್ತಕ ಹಿಡಿದು ಬರುವಂತೆ ಪಾಳಿ ಹಾಕುವುದು ಮೊದಲ ಕೆಲಸ. ಅದರ ಜತೆಗೆ ನಗರಾಡಳಿತ ಪ್ರತಿ ಉದ್ಯಾನದ ಹೆಸರನ್ನೂ ಬರೆದು ಉಪವಿಧಿ ಮಾಡಿ, ಸರ್ಕಾರದ ಅನುಮೋದನೆಗೆ ಕಳಿಸಬೇಕು.