ಬೆಳಕಿನಲ್ಲಿ ಅಚ್ಚಾಗಿ ನಿಂತ ಸದ್ದು

ಮೈಸೂರಿನಲ್ಲಿ ನಮ್ಮ ಮನೆಯ ಹಿಂದಿನ ಬೀದಿಯಲ್ಲಿ ಮೃದಂಗ ರಿಪೇರಿ ಮಾಡುವವರೊಬ್ಬರಿದ್ದರು. ಕಪ್ಪು ಕಲ್ಲಿನ ಪುಡಿಯನ್ನು ಅನ್ನದ ಜೊತೆ ಕಲಸಿ, ಬಲಗಡೆಯ ಚರ್ಮದ ನಡುವೆ ತೆಳ್ಳಗೆ ಒಂದು ಪದರ ಹಚ್ಚುತ್ತಿದ್ದರು. ನುಣ್ಣನೆ ಕಲ್ಲಿನಿಂದ ತಿಕ್ಕುತ್ತಿದ್ದರು. ಬೆರಳಿಂದ ಒಮ್ಮೆ ಬಡಿದು ಕೇಳುತ್ತಿದ್ದರು. ಮತ್ತೆ ಇನ್ನೊಂದು ಪದರ. ಬೀದಿಯಲ್ಲಿ ಲಾರಿ ಬಂದರೆ ಕೈ ಎತ್ತಿ ಹಿಡಿದು, ಅದು ದಾಟುವವರೆಗೂ ಸುಮ್ನೆ ಕೂತಿರುತ್ತಿದ್ದರು. ಸ್ಕೂಲಿಂದ ಬರುವಾಗ ನಾನು ಅಲ್ಲೇ ನಿಂತುಬಿಡುತ್ತಿದ್ದೆ. "ಒಂದು ಚೂರು ತೂಕ ಜಾಸ್ತಿ ಆದ್ರೂ ಕಿವಿಗೆ ಗೊತ್ತಾಗುತ್ತೆ ಕಣಪ್ಪಾ" ಎನ್ನುತ್ತಿದ್ದರು.

ಆ ಕರಿ ಮಚ್ಚೆಗೆ ಕರಣೆ ಎನ್ನುತ್ತಾರೆ. ಅದರ ತೂಕದಿಂದಲೇ ಮೃದಂಗದ ಸದ್ದಿಗೆ ತಂತಿವಾದ್ಯದ ಹಾಗೆ ಇಂಪು ಕೂಡುತ್ತದೆ ಎಂದು ಸಿ.ವಿ. ರಾಮನ್ ನೂರು ವರ್ಷಕ್ಕೂ ಹಿಂದೆ, 1920ರಲ್ಲಿ ತೋರಿಸಿದ್ದರು. ಈಗ ನಾನು ಮಾಡುವ ಕೆಲಸವೂ ಹೆಚ್ಚುಕಡಿಮೆ ಅಂಥದ್ದೇ. ಸದ್ದಿನ ಗುರುತು ನೋಡಿ ತೂಕ ಹೇಳುವುದು. ತೂಗಬೇಕಾಗಿರುವುದು ಮಾತ್ರ ಇಡೀ ವಿಶ್ವವನ್ನು.

ವಿಶ್ವ ಹುಟ್ಟಿದ ಮೊದಲ 3 ಲಕ್ಷ 80 ಸಾವಿರ ವರ್ಷ ಅದರಲ್ಲಿ ಪರಮಾಣುಗಳೇ ಇರಲಿಲ್ಲ. ಅಷ್ಟು ಕಾವು. ಎಲೆಕ್ಟ್ರಾನುಗಳು ಬಿಡಿಬಿಡಿಯಾಗಿ ಅಲೆಯುತ್ತಿದ್ದವು. ಬೆಳಕು ಸ್ವಲ್ಪ ದೂರ ಹೋಗುವಷ್ಟರಲ್ಲೇ ಒಂದಕ್ಕೆ ಡಿಕ್ಕಿ ಹೊಡೆದು ಬೇರೆ ಕಡೆ ತಿರುಗುತ್ತಿತ್ತು. ಮಡಿಕೇರಿಯ ಮಂಜಿನಲ್ಲಿ ಕಾರಿನ ಹೆಡ್‌ಲೈಟ್ ಹಾಕಿದಂತೆ, ಬೆಳಕೇನೋ ಇದೆ, ಏನೂ ಕಾಣದು. ವಿಶ್ವ ಹಿಗ್ಗುತ್ತಾ ಹಿಗ್ಗುತ್ತಾ ಸುಮಾರು 3,000 ಡಿಗ್ರಿಗೆ ಇಳಿದಾಗ ಎಲೆಕ್ಟ್ರಾನುಗಳು ಪ್ರೋಟಾನುಗಳ ಜೊತೆ ಸೇರಿ ಹೈಡ್ರೋಜನ್ ಆಯಿತು. ಮಂಜು ಕರಗಿತು. ಆಗ ಬಿಡುಗಡೆಯಾದ ಬೆಳಕು ಇಂದಿಗೂ ಎಲ್ಲ ದಿಕ್ಕಿನಿಂದ ನಮ್ಮತ್ತ ಬರುತ್ತಲೇ ಇದೆ. ಅಂದಿನಿಂದ ವಿಶ್ವ ಸುಮಾರು 1,100 ಪಟ್ಟು ಹಿಗ್ಗಿರುವುದರಿಂದ ಅದರ ಅಲೆಗಳೂ ಅಷ್ಟೇ ಉದ್ದವಾಗಿ ಮೈಕ್ರೋವೇವ್ ಆಗಿವೆ. ಅದರ ಈಗಿನ ಕಾವು 2.725 ಕೆಲ್ವಿನ್, ಅಂದರೆ ಮೈನಸ್ 270 ಡಿಗ್ರಿಯ ಆಸುಪಾಸು. ಇದನ್ನೇ ವಿಶ್ವದ ಹಿನ್ನೆಲೆ ವಿಕಿರಣ ಎನ್ನುತ್ತೇವೆ. ಆಂಟೆನಾವನ್ನು ಎತ್ತ ತಿರುಗಿಸಿದರೂ ಬಿಡದೆ ಕೇಳುವ ಒಂದು ಗೊರಗೊರವಾಗಿ ಇದು ಅಮೆರಿಕದ ನ್ಯೂಜೆರ್ಸಿಯಲ್ಲಿ ಪೆನ್ಜಿಯಾಸ್ ಮತ್ತು ವಿಲ್ಸನ್ ಎಂಬಿಬ್ಬರ ಕಣ್ಣಿಗೆ ಬಿದ್ದದ್ದು, 1965ರಲ್ಲಿ ಜಗತ್ತಿಗೆ ತಿಳಿದದ್ದು.

ಎತ್ತ ನೋಡಿದರೂ ಒಂದೇ ಕಾವು. ಆದರೆ ಪೂರ್ತಿ ಒಂದೇ ಅಲ್ಲ. ಒಂದು ಲಕ್ಷದಲ್ಲಿ ಒಂದು ಪಾಲಿನಷ್ಟು ಏರುಪೇರು ಇದೆ ಎಂದು ಕೋಬಿ ಉಪಗ್ರಹ 1992ರಲ್ಲಿ ತೋರಿಸಿತು. ಒಂದು ಕಿಲೋಮೀಟರ್ ಆಳದ ನೀರಿನ ಮೇಲೆ ಒಂದು ಸೆಂಟಿಮೀಟರ್ ಎತ್ತರದ ಅಲೆ ಎದ್ದರೆ ಎಷ್ಟೋ, ಅಷ್ಟು. ನಮ್ಮ ಕೆಲಸವೆಲ್ಲ ಆ ಒಂದು ಸೆಂಟಿಮೀಟರಿನಲ್ಲೇ.

ಈ ಏರುಪೇರು ಸದ್ದಿನ ಗುರುತು. ಆಗಿನ ಬಿಸಿ ದ್ರವದಲ್ಲಿ ಎಲ್ಲೋ ಒಂದು ಕಡೆ ಸ್ವಲ್ಪ ಜಾಸ್ತಿ ದ್ರವ್ಯ ಇದೆ ಎಂದುಕೊಳ್ಳಿ. ಗುರುತ್ವ ಸುತ್ತಲಿನದನ್ನು ಅಲ್ಲಿಗೆ ಎಳೆಯುತ್ತದೆ. ಅಲ್ಲಿ ಒತ್ತೊತ್ತಾದಷ್ಟೂ ಒಳಗೆ ಸಿಕ್ಕಿಬಿದ್ದ ಬೆಳಕು ಹೊರಕ್ಕೆ ತಳ್ಳುತ್ತದೆ. ಹಿಗ್ಗಿತು ಅನ್ನುವಷ್ಟರಲ್ಲಿ ಗುರುತ್ವ ಮತ್ತೆ ಎಳೆಯುತ್ತದೆ. ಹೀಗೆ ಒತ್ತುವುದು, ಸಡಿಲವಾಗುವುದು, ಮತ್ತೆ ಒತ್ತುವುದು. ಸದ್ದು ಅಂದರೆ ಇಷ್ಟೇ ಅಲ್ವಾ? ಆ ಸದ್ದಿನ ವೇಗ ಬೆಳಕಿನ ವೇಗದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಇತ್ತು. ಕಿವಿಗೆ ಕೇಳುವಂಥದ್ದಲ್ಲ. ಒಂದು ಸಲ ಒತ್ತಿ ಬಿಡಲು ಲಕ್ಷಗಟ್ಟಲೆ ವರ್ಷ ಹಿಡಿಯುವ ಸದ್ದು ಅದು.

ಮಂಜು ಕರಗಿದ ಕ್ಷಣ ಈ ಆಟ ನಿಂತಿತು. ಬೆಳಕು ಕೈ ಬಿಟ್ಟು ಹೊರಟ ಮೇಲೆ ತಳ್ಳುವವರೇ ಇಲ್ಲ. ಆ ಗಳಿಗೆಯಲ್ಲಿ ಯಾವ ಅಲೆ ಎಲ್ಲಿತ್ತೋ ಅಲ್ಲೇ ಅಚ್ಚಾಯಿತು. ಒಂದು ಮೈದಾನದಲ್ಲಿ ಉದ್ದ ಹಗ್ಗದ, ಗಿಡ್ಡ ಹಗ್ಗದ ನೂರಾರು ಜೋಕಾಲಿಗಳನ್ನು ಒಟ್ಟಿಗೇ ಎಳೆದು ಬಿಟ್ಟು, ಸ್ವಲ್ಪ ಹೊತ್ತಾದ ಮೇಲೆ ಒಂದೇ ಒಂದು ಫೋಟೋ ತೆಗೆಯಿರಿ. ಕೆಲವು ತುದಿಯಲ್ಲಿರುತ್ತವೆ, ಕೆಲವು ನಡುವೆ ಇರುತ್ತವೆ. ಯಾವ ಉದ್ದದ ಜೋಕಾಲಿಗಳು ಸರಿಯಾಗಿ ತುದಿಯಲ್ಲಿ ಸಿಕ್ಕಿಬಿದ್ದವೋ ಅವು ಎದ್ದು ಕಾಣುತ್ತವೆ. ಹಿನ್ನೆಲೆ ವಿಕಿರಣದ ನಕ್ಷೆಯಲ್ಲೂ ಹೀಗೆಯೇ, ಕೆಲವು ಅಳತೆಯ ಕಲೆಗಳು ಉಳಿದವುಗಳಿಗಿಂತ ಗಾಢ. ಕಲೆಯ ಅಗಲ ಒಂದು ಕಡೆ, ಗಾಢತೆ ಇನ್ನೊಂದು ಕಡೆ ಇಟ್ಟು ಗ್ರಾಫ್ ಹಾಕಿದರೆ ಸಾಲಾಗಿ ಶಿಖರಗಳು ಏಳುತ್ತವೆ.

ಮೊದಲ ಶಿಖರ ಬರುವುದು ಸುಮಾರು ಒಂದು ಡಿಗ್ರಿ ಅಗಲದ ಕಲೆಗಳಲ್ಲಿ. ಹುಣ್ಣಿಮೆ ಚಂದ್ರನ ಎರಡರಷ್ಟು ಅಗಲ. ಮಂಜು ಕರಗುವಷ್ಟರಲ್ಲಿ ಸದ್ದು ಎಷ್ಟು ದೂರ ಹೋಗಬಹುದು ಎಂದು ಲೆಕ್ಕ ಹಾಕಬಹುದು. ಆ ದೂರ ನಮಗೆ ಎಷ್ಟು ಅಗಲ ಕಾಣಬೇಕು ಎಂಬುದು ಜಾಗ ಬಾಗಿದೆಯೋ ನೆಟ್ಟಗಿದೆಯೋ ಎಂಬುದರ ಮೇಲೆ ನಿಂತಿದೆ. 1998ರಲ್ಲಿ ಅಂಟಾರ್ಕ್ಟಿಕಾದ ಮೇಲೆ ಹಾರಿದ ಬೂಮರಾಂಗ್ ಎಂಬ ಬಲೂನಿನ ಉಪಕರಣ ಒಂದು ಡಿಗ್ರಿಯ ಉತ್ತರವನ್ನು ಚೊಕ್ಕವಾಗಿ ತಂದಿತು. 2000ದಲ್ಲಿ ಅದರ ಫಲಿತಾಂಶ ಬಂದಾಗ ಜಾಗ ನೆಟ್ಟಗಿದೆ ಎಂದು ಗಟ್ಟಿಯಾಯಿತು.

ನನಗೆ ಅದಕ್ಕಿಂತ ಇಷ್ಟ ಎರಡನೇ ಮತ್ತು ಮೂರನೇ ಶಿಖರ. ಕರಣೆಯ ಕಥೆ ಇರುವುದು ಅಲ್ಲಿ. ಮೊದಲನೆಯದು ಒಮ್ಮೆ ಒತ್ತಿದ ಅಲೆಗಳದ್ದು, ಎರಡನೆಯದು ಒತ್ತಿ ಸಡಿಲವಾದವುಗಳದ್ದು, ಮೂರನೆಯದು ಮತ್ತೆ ಒತ್ತಿದವುಗಳದ್ದು. ನಾವು ನೀವು ಆಗಿರುವ ಮಾಮೂಲಿ ದ್ರವ್ಯಕ್ಕೆ ತೂಕವಿದೆ. ಅದು ಜಾಸ್ತಿಯಿದ್ದಷ್ಟೂ ಒತ್ತುವ ಪಾಳಿ ಜೋರಾಗುತ್ತದೆ, ಸಡಿಲವಾಗುವ ಪಾಳಿ ಕುಗ್ಗುತ್ತದೆ. ಅಂದರೆ ಮೊದಲ ಶಿಖರದ ಮುಂದೆ ಎರಡನೆಯದು ಎಷ್ಟು ಗಿಡ್ಡ ಎಂದು ನೋಡಿದರೆ ಮಾಮೂಲಿ ದ್ರವ್ಯದ ಪಾಲು ಸಿಗುತ್ತದೆ. ಕಣ್ಣಿಗೆ ಕಾಣದೆ, ಗುರುತ್ವದ ಎಳೆತದಿಂದಷ್ಟೇ ಗೊತ್ತಾಗುವ ಕಪ್ಪು ದ್ರವ್ಯಕ್ಕೆ ಬೆಳಕಿನ ತಳ್ಳಾಟ ತಗಲುವುದೇ ಇಲ್ಲ. ಅದು ಎಲ್ಲೂ ಪುಟಿಯದೆ ಕೂತು ಎಳೆಯುತ್ತಲೇ ಇರುತ್ತದೆ. ಮೂರನೇ ಶಿಖರ ಕುಸಿಯದೆ ನಿಂತಿರುವುದು ಅದರ ಬಲದಿಂದ. 2009ರಲ್ಲಿ ಹಾರಿದ ಯುರೋಪಿನ ಪ್ಲಾಂಕ್ ಉಪಗ್ರಹ ಈ ಶಿಖರಗಳನ್ನು ಅಳೆದು ಕೊಟ್ಟ ಲೆಕ್ಕ: ಮಾಮೂಲಿ ದ್ರವ್ಯ ಶೇ. 5, ಕಪ್ಪು ದ್ರವ್ಯ ಶೇ. 27ರ ಹತ್ತಿರ, ಉಳಿದ ಶೇ. 68 ಕಪ್ಪು ಶಕ್ತಿ, ಅಂದರೆ ವಿಶ್ವ ಹಿಗ್ಗುವುದನ್ನು ಜೋರು ಮಾಡುವಂಥದ್ದು. ವಿಶ್ವದ ವಯಸ್ಸು 1,380 ಕೋಟಿ ವರ್ಷ.

ಇಷ್ಟು ಕೇಳಿದವರು ಸಾಮಾನ್ಯವಾಗಿ, "ಹಾಗಾದ್ರೆ ದಿನಾ ಆ ನಕ್ಷೆ ನೋಡ್ತಾ ಕೂತಿರ್ತೀರಾ ಸರ್?" ಎನ್ನುತ್ತಾರೆ. ದಿನಾ ನೋಡುವುದು ಲಾರಿಗಳನ್ನು. ನಮ್ಮ ಮತ್ತು ಆ ಬೆಳಕಿನ ನಡುವೆ ನಮ್ಮದೇ ಗ್ಯಾಲಕ್ಸಿ ಇದೆ. ಅದರ ಕಾಂತಕ್ಷೇತ್ರದಲ್ಲಿ ಸುತ್ತುವ ಎಲೆಕ್ಟ್ರಾನುಗಳೂ ಮೈಕ್ರೋವೇವ್ ಸೂಸುತ್ತವೆ, ನಕ್ಷತ್ರಗಳ ನಡುವಿನ ಧೂಳೂ ಸೂಸುತ್ತದೆ. ಆ ಲಾರಿ ದಾಟಿ ಹೋಗುವುದೇ ಇಲ್ಲ. ಇರುವ ದಾರಿ ಒಂದೇ, ಬೇರೆ ಬೇರೆ ಚಾನೆಲ್, ಅಂದರೆ ಬೇರೆ ಬೇರೆ ಆವರ್ತನಗಳಲ್ಲಿ ನೋಡುವುದು. ಹಿನ್ನೆಲೆಯ ಕಲೆ ಯಾವ ಚಾನೆಲ್‌ನಲ್ಲಿ ನೋಡಿದರೂ ಅಷ್ಟೇ ಕಾವು ತೋರಿಸುತ್ತದೆ. ಎಲೆಕ್ಟ್ರಾನುಗಳದ್ದು ಕೆಳಗಿನ ಚಾನೆಲ್‌ಗಳಲ್ಲಿ ಜೋರು, ಧೂಳಿನದ್ದು ಮೇಲಿನವುಗಳಲ್ಲಿ ಜೋರು. ಪ್ಲಾಂಕ್ 30ರಿಂದ 857 ಗಿಗಾಹರ್ಟ್ಸ್‌ವರೆಗೆ ಒಂಬತ್ತು ಚಾನೆಲ್ ಇಟ್ಟುಕೊಂಡದ್ದು ಇದಕ್ಕೇ.

ಪಿಎಚ್‌ಡಿ ದಿನಗಳಲ್ಲಿ ನನ್ನ ನಕ್ಷೆಯಲ್ಲಿ ಒಂದು ತಣ್ಣನೆ ಕಲೆ ಬಂತು. ಯಾವ ಲೆಕ್ಕಕ್ಕೂ ಒಗ್ಗದಷ್ಟು ತಣ್ಣಗೆ. ಮೂರು ವಾರ ನಿದ್ದೆ ಬಿಟ್ಟು ಅದರ ಹಿಂದೆ ಬಿದ್ದೆ. ತೋರಿಸಿದಾಗ ನಮ್ಮ ಗೈಡ್ ಮೇಡಂ ಕೇಳಿದ್ದು ಒಂದೇ: "ಬೇರೆ ಚಾನೆಲ್‌ನಲ್ಲೂ ಇಷ್ಟೇ ಇದೆಯಾ?" ಇರಲಿಲ್ಲ. ಮೇಲಿನ ಚಾನೆಲ್‌ಗೆ ಹೋದಂತೆ ಕಲೆ ಇನ್ನೂ ತಣ್ಣಗಾಗುತ್ತಿತ್ತು. ಅಲ್ಲಿ ಧೂಳನ್ನು ಬೇಕಾದ್ದಕ್ಕಿಂತ ಜಾಸ್ತಿ ಕಳೆದುಬಿಟ್ಟಿದ್ದೆ. ಆ ಪ್ರಶ್ನೆಯನ್ನು ಈಗ ನನ್ನ ವಿದ್ಯಾರ್ಥಿಗಳಿಗೆ ನಾನು ಕೇಳುತ್ತೇನೆ. ಅದರ ಜೊತೆ ಇನ್ನೊಂದು ಪರೀಕ್ಷೆಯನ್ನೂ ಮಾಡಿಸುತ್ತೇನೆ. ಡೇಟಾವನ್ನು ಎರಡು ಪಾಲು ಮಾಡಿ ಎರಡು ನಕ್ಷೆ ಬರೆದು, ಒಂದರಿಂದ ಇನ್ನೊಂದನ್ನು ಕಳೆಯುವುದು. ಆಕಾಶದ್ದೆಲ್ಲ ಹೊಡೆದು ಹೋಗಿ ಉಪಕರಣದ ಗದ್ದಲ ಮಾತ್ರ ಉಳಿಯಬೇಕು. ಅಲ್ಲೂ ಕಲೆ ಕಂಡರೆ ಅದು ಆಕಾಶದ್ದಲ್ಲ.

ಇದೇ ಪ್ರಶ್ನೆ 2014ರಲ್ಲಿ ದೊಡ್ಡದಾಗಿ ಎದ್ದಿತು. ವಿಶ್ವ ಹುಟ್ಟಿದ ಮೊದಲ ಕ್ಷಣದ ಗುರುತ್ವ ಅಲೆಗಳು ಈ ಬೆಳಕಿನ ಕಂಪನದ ದಿಕ್ಕಿನಲ್ಲಿ ಒಂದು ಸುಳಿಯನ್ನು ಬಿಟ್ಟಿರಬೇಕು. ಅದು ಸಿಕ್ಕಿದೆ ಎಂದು ದಕ್ಷಿಣ ಧ್ರುವದ ಬೈಸೆಪ್2 ತಂಡ ಮಾರ್ಚ್ 17ರಂದು ಹೇಳಿತು. ಅವರ ಅಳತೆ ತಪ್ಪಾಗಿರಲಿಲ್ಲ. ಸುಳಿ ನಿಜಕ್ಕೂ ಇತ್ತು. ಆದರೆ ಅವರು ನೋಡಿದ್ದು 150 ಗಿಗಾಹರ್ಟ್ಸ್ ಒಂದರಲ್ಲೇ. ಪ್ಲಾಂಕ್‌ನ 353 ಗಿಗಾಹರ್ಟ್ಸ್ ನಕ್ಷೆಯ ಜೊತೆ ಇಟ್ಟು ನೋಡಿದಾಗ ಆ ಸುಳಿಗೆ ಗ್ಯಾಲಕ್ಸಿಯ ಧೂಳೇ ಸಾಕು ಎಂದು ಗೊತ್ತಾಯಿತು. ಎರಡೂ ತಂಡ ಸೇರಿ 2015ರಲ್ಲಿ ಅದನ್ನು ಪ್ರಕಟಿಸಿದವು. ಸರಿಯಾಗಿ ಅಳೆದವರೇ ಎದುರು ಸಾಕ್ಷ್ಯ ಬಂದಾಗ ಜೊತೆಗೆ ಕೂತು ತಿದ್ದಿದ್ದು ನನಗೆ ಬಹಳ ಗೌರವದ ವಿಷಯ.

ನಮ್ಮ ನಾಡಿನಲ್ಲೂ ಇಂಥದ್ದೊಂದು ನಡೆದಿದೆ. ಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದಲ್ಲಿ ಹೈಡ್ರೋಜನ್ ಈ ಹಿನ್ನೆಲೆ ಬೆಳಕನ್ನು ಹೀರಿದ ಗುರುತು 78 ಮೆಗಾಹರ್ಟ್ಸ್ ಹತ್ತಿರ ಸಿಕ್ಕಿದೆ ಎಂದು 2018ರಲ್ಲಿ ಆಸ್ಟ್ರೇಲಿಯಾದಲ್ಲಿದ್ದ ಎಡ್ಜಸ್ ಎಂಬ ಉಪಕರಣದ ತಂಡ ಹೇಳಿತ್ತು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ತಮ್ಮ ಸರಸ್ 3 ಆಂಟೆನಾವನ್ನು 2020ರಲ್ಲಿ ನೀರಿನ ಮೇಲೆ ತೇಲಿಬಿಟ್ಟರು. ಮೊದಲು ದಂಡಿಗಾನಹಳ್ಳಿ ಕೆರೆ, ಆಮೇಲೆ ಶರಾವತಿ ಹಿನ್ನೀರು. ನೆಲದಡಿ ಮಣ್ಣು ಒಂದು ಕಡೆ ಇದ್ದಂತೆ ಇನ್ನೊಂದು ಕಡೆ ಇರುವುದಿಲ್ಲ, ಕಲ್ಲು ಇರುತ್ತದೆ, ತೇವ ಇರುತ್ತದೆ. ಅದೆಲ್ಲ ಅಳತೆಯಲ್ಲಿ ಬೆರೆಯುತ್ತದೆ. ನೀರು ಎಲ್ಲ ಕಡೆಯೂ ಒಂದೇ. ಆಸ್ಟ್ರೇಲಿಯಾದಲ್ಲಿ ಕಂಡ ಆ ಗುರುತು ಇಲ್ಲಿ ಕಾಣಲಿಲ್ಲ ಎಂದು ಅವರು 2022ರಲ್ಲಿ ಪ್ರಕಟಿಸಿದರು. ಬಿಡಿಸಬೇಕಾದ ಗಂಟಿಗೆ ಕೆರೆಯ ನೀರನ್ನು ಯೋಚಿಸಿದ ಆ ಬುದ್ಧಿಯನ್ನು ನಾನು ಎಷ್ಟು ಜನಕ್ಕೆ ಹೇಳಿದರೂ ದಣಿಯುವುದಿಲ್ಲ.

ಗುರುತ್ವ ಅಲೆಯ ಸುಳಿ ಇನ್ನೂ ಸಿಕ್ಕಿಲ್ಲ. ಅದಕ್ಕಾಗಿ ಈಗ ಚಿಲಿ ದೇಶದ ಅಟಕಾಮಾ ಮರುಭೂಮಿಯಲ್ಲಿ, 5,200 ಮೀಟರ್ ಎತ್ತರದಲ್ಲಿ ಸೈಮನ್ಸ್ ಅಬ್ಸರ್ವೇಟರಿ ಕಟ್ಟಿದ್ದಾರೆ. ಅದಕ್ಕೆ ಆರು ಚಾನೆಲ್. ಕೆಳಗಿನ ಎರಡು ಇರುವುದು ಮುಖ್ಯವಾಗಿ ಎಲೆಕ್ಟ್ರಾನುಗಳ ಗದ್ದಲ ಅಳೆಯಲು, ಮೇಲಿನ ಎರಡು ಧೂಳನ್ನು ಅಳೆಯಲು. ಆ ನಾಲ್ಕೂ ಲಾರಿಯ ಸದ್ದನ್ನೇ ಕೇಳುತ್ತಿರುತ್ತವೆ. ಸುಳಿಯನ್ನು ಹುಡುಕುವುದು ನಡುವಿನ ಎರಡರಲ್ಲಿ.