ಬಿಲದ ಚೇಳು, ಕಲ್ಲಿನ ಚೇಳು

ಮಳೆ ಬಿದ್ದ ರಾತ್ರಿ ರಾಯಚೂರಿನ ಸುತ್ತಲ ಹಳ್ಳಿಗಳಿಂದ ಚೇಳು ಕುಟುಕಿಸಿಕೊಂಡವರು ನನ್ನ ಬಳಿ ಚಿಕಿತ್ಸೆಗೆ ಬರುತ್ತಾರೆ. ‘ಬೆರಳುದ್ದ ಇತ್ತು ಸರ್, ಕರ್ರಗಿತ್ತು’ ಎಂದು ನಡುಗುತ್ತಾ ಹೇಳಿದರೆ ನನಗೆ ಸ್ವಲ್ಪ ಸಮಾಧಾನ. ‘ಸಣ್ಣದು, ಕೆಂಪಗಿತ್ತು’ ಎಂದರೆ ಎದೆ ಧಸಕ್ಕೆನ್ನುತ್ತದೆ.

ಕರಿ ಚೇಳು ಬಿಲ ತೋಡಿ ಬದುಕುವ ಜೀವ. ಹೊಲದ ಬದುವಿನಲ್ಲಿ ಅದರ ಬಿಲ ನೋಡಿರುತ್ತೀರಿ. ಇಲಿ ಬಿಲದಂತೆ ಗುಂಡಗಲ್ಲ, ಅರ್ಧಚಂದ್ರದಂತೆ ಅಗಲ. ಇಕ್ಕಳ ಚಾಚಿಕೊಂಡೇ ಒಳಗೆ ನುಗ್ಗಬೇಕಲ್ವಾ! ನಮ್ಮ ಬಿಸಿಲಿಗೆ ಮೇಲಿನ ಮಣ್ಣು ಕಾದರೂ ಕೆಳಗೆ ತಂಪು, ತೇವ ಇರುತ್ತದೆ. ಹಗಲೆಲ್ಲ ಅಲ್ಲೇ ಇದ್ದು, ಕತ್ತಲಾದ ಮೇಲೆ ಬಿಲದ ಬಾಯಲ್ಲಿ ಕೂತು ಹುಳಕ್ಕೆ ಕಾಯುತ್ತದೆ. ಮಣ್ಣು ತೋಡುವ ದಪ್ಪ ಇಕ್ಕಳದಿಂದಲೇ ಬೇಟೆಯನ್ನು ಅಮುಕುತ್ತದೆ. ವಿಷವನ್ನು ಅಷ್ಟಾಗಿ ನೆಚ್ಚಿಕೊಂಡಿಲ್ಲ.

ಕೆಂಪು ಚೇಳಿನ ಇಕ್ಕಳ ಸಣಕಲು. ಅದರ ಬಲವೆಲ್ಲ ಕೊಂಡಿಯಲ್ಲಿ. ಕಲ್ಲಿನಡಿ, ಕಟ್ಟಿಗೆ ರಾಶಿ, ಗೋಡೆ ಸಂದು, ಬಿಟ್ಟ ಚಪ್ಪಲಿಯಲ್ಲೂ ಅಡಗುತ್ತದೆ. ಹಾಗಾಗಿ ಮಕ್ಕಳ ಕೈಕಾಲಿಗೆ ಹತ್ತಿರ.

ನೋವು ಎರಡರಲ್ಲೂ ಇರುತ್ತದೆ. ನೋವಿಗಿಂತ ಬೆವರನ್ನು ನೋಡಿ. ಮೈ ಒದ್ದೆಯಾಗಿ, ಕೈಕಾಲು ತಣ್ಣಗಾಗಿ, ವಾಂತಿ ಶುರುವಾದರೆ ವಿಷ ಮೈಗೆಲ್ಲ ಏರಿದೆ ಎಂದೇ ತಿಳಿಯಿರಿ. ರಕ್ತನಾಳಗಳು ಬಿಗಿಯುತ್ತವೆ, ಹೃದಯ ಸೋಲುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಮೊದಲು ಇಂಥ ಮಕ್ಕಳು ತುಂಬಾ ಸಾಯುತ್ತಿದ್ದರು. ಕೊಂಕಣದ ಮಹಾಡ್‌ನಲ್ಲಿ ಡಾ. ಹಿಮ್ಮತರಾವ್ ಬಾವಸ್ಕರ್ 1980ರ ದಶಕದಲ್ಲಿ ಪ್ರಾಜೋಸಿನ್ ಎಂಬ ಬಿಪಿ ಮಾತ್ರೆ ಕೊಟ್ಟು ನೋಡಿದರು. ಬಿಗಿದ ರಕ್ತನಾಳವನ್ನು ಅದು ಸಡಿಲಿಸುತ್ತದೆ. ಸಣ್ಣ ಊರಿನ ವೈದ್ಯರೊಬ್ಬರ ಈ ಕೆಲಸ ಎಷ್ಟು ಮನೆಗಳ ದೀಪ ಉಳಿಸಿತೋ! 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಮಾತ್ರೆ ಎಷ್ಟು ಬೇಗ ಬಿದ್ದರೆ ಅಷ್ಟು ಒಳ್ಳೆಯದು. ಆದರೆ ಮನೆಯಲ್ಲಿ ನೀವೇ ಕೊಡಬೇಡಿ, ಬಿಪಿ ನೋಡಿಕೊಂಡೇ ಕೊಡಬೇಕು.

ಪಕ್ಕದ ಯಾದಗಿರಿ ಜಿಲ್ಲೆಯ ಕಂದಕೂರಿನಲ್ಲಿ ನಾಗರ ಪಂಚಮಿಯ ದಿನ ಜನ ಚೇಳನ್ನು ಮೈಮೇಲೆ ಬಿಟ್ಟುಕೊಳ್ಳುತ್ತಾರೆ. ‘ಅಲ್ಲಿ ಏನೂ ಆಗಲ್ಲವಲ್ಲ’ ಎನ್ನುತ್ತಾರೆ ಕೆಲವರು. ಆ ಭಕ್ತಿಗೆ ನನ್ನ ತಕರಾರಿಲ್ಲ. ಅದನ್ನು ನಂಬಿ ಚೇಳು ಕುಟುಕಿದ ಮಗುವನ್ನು ಬೆಳಗಿನವರೆಗೆ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಚೇಳು ಯಾವ ಬಣ್ಣದ್ದಾದರೂ ಸರಿ, ಮಗುವನ್ನು ಆಸ್ಪತ್ರೆಗೆ ಕರೆತನ್ನಿ.

ಬದುವಿನ ಬಿಲಕ್ಕೆ ಸುಮ್ನೆ ಸೀಮೆಎಣ್ಣೆ ಸುರಿಯಬೇಡಿ. ಒಳಗೆ ತಾಯಿ ಚೇಳು ಮರಿಗಳನ್ನು ಬೆನ್ನಮೇಲೆ ಹೊತ್ತು ಕೂತಿರಬಹುದು. ಅದರ ಬದಲು ರಾತ್ರಿ ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಹಿಡಿದು ಮನೆ ಹಿಂದಿನ ಕಟ್ಟಿಗೆ ರಾಶಿ ನೋಡಿ. ಹೊರಗೆ ಬಂದ ಚೇಳು ಆ ಬೆಳಕಿಗೆ ಹಸಿರಾಗಿ ಹೊಳೆಯುತ್ತದೆ.